ಪಾಟಿ ಸವಾಲು: ಓದುಗರು ಕೇಳಿದ್ದು, ವಕೀಲಮ್ಮ ಹೇಳಿದ್ದು

ಹೋದ ಸಂಚಿಕೆಯಲ್ಲಿ 'ಮ್ಯಾರೇಜ್ ಸ್ಟೋರಿ' ಎಂಬ ಸಿನಿಮಾದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಪಾಲು-ಪಟ್ಟಿ, ಬಾಡಿಗೆ ಕರಾರು, ಪಕ್ಕದ ಮನೆಯ ತೆಂಗಿನಮರ ಅಂತೆಲ್ಲ ಪ್ರಶ್ನೆ ಬರುವ ಅಂಕಣ ಇದು. ಈ ಸಲ ಬಂದ ಪತ್ರಗಳಲ್ಲಿ ಸಿನಿಮಾದವೇ ಜಾಸ್ತಿ. ತೆಂಗಿನಮರದವರು ಒಂದು ತಿಂಗಳು ಕಾಯಬೇಕು, ಕ್ಷಮಿಸಿ.

ನೋಡದೆ ಇದ್ದವರಿಗೆ ಕತೆ ಇಷ್ಟು. ನ್ಯೂಯಾರ್ಕಿನಲ್ಲಿ ಚಾರ್ಲಿ ಅಂತ ಒಬ್ಬ ನಾಟಕ ನಿರ್ದೇಶಕ. ಅವನ ಹೆಂಡತಿ ನಿಕೋಲ್, ಅವನದೇ ತಂಡದ ನಟಿ. ಎಂಟು ವರ್ಷದ ಮಗ ಹೆನ್ರಿ. ನಿಕೋಲ್‌ಗೆ ಲಾಸ್ ಏಂಜಲೀಸ್‌ನಲ್ಲಿ ಟೀವಿ ಕೆಲಸ ಸಿಗುತ್ತದೆ. ಅವಳ ತವರೂ ಅದೇ ಊರು. ಮಗನನ್ನು ಕರೆದುಕೊಂಡು ಹೋಗುತ್ತಾಳೆ. ಅಲ್ಲಿಂದ ಡೈವೋರ್ಸ್ ಶುರು. ನೋವಾ ಬಾಮ್‌ಬಾಕ್ ಬರೆದು ನಿರ್ದೇಶಿಸಿದ್ದು, 2019ರ ಚಿತ್ರ. ಆಡಮ್ ಡ್ರೈವರ್, ಸ್ಕಾರ್ಲೆಟ್ ಜೋಹಾನ್ಸನ್ ಗಂಡ ಹೆಂಡತಿ. ನೆಟ್‌ಫ್ಲಿಕ್ಸ್‌ನಲ್ಲಿದೆ, ಎರಡೂಕಾಲು ಗಂಟೆ.

ಸಿನಿಮಾ ಮುಗಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಎರಡು ಪಾರ್ಟಿ ಆಗಿತ್ತು. ತಪ್ಪೆಲ್ಲ ಚಾರ್ಲಿಯದು ಅಂತ ಮಗಳು. ವಕೀಲರ ಸಹವಾಸವೇ ಬೇಡ ಅಂತ ಮಾತಾಡಿಕೊಂಡು ಆಮೇಲೆ ಆ ಹೆಣ್ಣೇ ಮೊದಲು ವಕೀಲರ ಹತ್ತಿರ ಹೋದಳಲ್ಲ ಅಂತ ನಮ್ಮ ಯಜಮಾನರು. ನನಗೆ ಎರಡೂ ಸರಿ ಅನ್ನಿಸಿತು. ತಪ್ಪು ಯಾರದು ಮೇಡಂ?
(ಗೃಹಿಣಿ, ಶಿವಮೊಗ್ಗ)

ಎರಡೂ ಸರಿ ಅನ್ನಿಸಿದ್ದರೆ ನೀವು ಸಿನಿಮಾ ಸರಿಯಾಗಿ ನೋಡಿದ್ದೀರಿ ಅಂತ ಅರ್ಥ. ತಮಾಷೆ ಏನೆಂದರೆ, ಡೈವೋರ್ಸ್ ಕೊಡಲು ತಪ್ಪು ಯಾರದು ಅಂತ ನೋಡುವುದನ್ನು ಕ್ಯಾಲಿಫೋರ್ನಿಯಾ 1970ರಲ್ಲೇ ಕೈಬಿಟ್ಟಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಹೊಂದಾಣಿಕೆ ಆಗುತ್ತಿಲ್ಲ ಅಂದರೆ ಅಷ್ಟೇ ಸಾಕು. ಚಾರ್ಲಿ ನಾಟಕ ತಂಡದ ಇನ್ನೊಬ್ಬ ಹೆಂಗಸಿನ ಜೊತೆ ಸಂಬಂಧ ಇಟ್ಟುಕೊಂಡಿದ್ದ, ಅಲ್ವಾ? ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಾದರೆ ಅದೊಂದೇ ಕಾರಣಕ್ಕೆ ವಿಚ್ಛೇದನ ಕೇಳಬಹುದು. 1976ರ ತಿದ್ದುಪಡಿ ಆದ ಮೇಲೆ ಒಂದು ಸಲ ನಡೆದದ್ದಾದರೂ ಸಾಕು. ಅಲ್ಲಿ ಡೈವೋರ್ಸಿಗೆ ಅದು ಲೆಕ್ಕಕ್ಕೇ ಇಲ್ಲ. ಹಾಗಾದರೆ ಜಗಳವೇ ಇಲ್ಲವಲ್ಲ ಅಂದುಕೊಂಡಿರಾ? ಇದೆ. ತಪ್ಪನ್ನು ಬಾಗಿಲಲ್ಲಿ ತಡೆದರೆ ಅದು ಕಿಟಕಿಯಿಂದ ಬರುತ್ತದೆ. ಮಗು ಯಾರ ಹತ್ತಿರ, ಯಾವ ಊರಲ್ಲಿ ಅನ್ನುವ ಕಿಟಕಿಯಿಂದ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಂಬಂಧ ಅಲ್ಲ. ನಿಕೋಲ್ ಮೊದಲ ಸಲ ವಕೀಲೆ ನೋರಾಳ ಆಫೀಸಿಗೆ ಹೋಗಿ ಮಾತಾಡುತ್ತಾಳಲ್ಲ, ಉದ್ದಕ್ಕೂ, ನಡುವೆ ಎದ್ದು ಓಡಾಡುತ್ತಾ. ಅಲ್ಲಿ ಅವಳು ಹೇಳುವ ಒಂದು ವಿಷಯ ಇದು. ನನ್ನ ಫೋನ್ ನಂಬರ್ ಹೇಳು ಅಂತ ಗಂಡನನ್ನು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಹೊರಟುಬಂದಳು.

ಇಪ್ಪತ್ತಾರು ವರ್ಷ ವಕೀಲಿಕೆ ಮಾಡಿದವಳಿಗೆ ಆ ಮಾತು ಕೇಳಿದ ತಕ್ಷಣ ಬಂದ ಯೋಚನೆ: ಇದನ್ನು ಅರ್ಜಿಯಲ್ಲಿ ಎಲ್ಲಿ ಬರೆಯಲಿ? ಹೆಂಡತಿಯ ಫೋನ್ ನಂಬರ್ ಗೊತ್ತಿಲ್ಲ ಅನ್ನುವುದಕ್ಕೆ ಯಾವ ಸೆಕ್ಷನ್ನೂ ಇಲ್ಲ. ಕೊನೆಗೆ 'ಮಾನಸಿಕ ಕ್ರೌರ್ಯ' ಅಂತ ಬರೆಯುತ್ತೇವೆ. ಬರೆದ ಕೂಡಲೇ ಅದು ಬೇರೆಯೇ ವಿಷಯ ಆಗಿಬಿಡುತ್ತದೆ. ಚಾರ್ಲಿ ಕ್ರೂರಿ ಅಲ್ಲ. ಅವನು ಅಡುಗೆ ಮಾಡುತ್ತಾನೆ, ಕಾಲುಚೀಲ ಹೊಲಿಯುತ್ತಾನೆ, ಮಗ ರಾತ್ರಿ ಎದ್ದರೆ ಬೇಜಾರಿಲ್ಲದೆ ನೋಡಿಕೊಳ್ಳುತ್ತಾನೆ. ಆದರೆ ಅವನ ಮನೆಯಲ್ಲಿ ಎಲ್ಲ ಅವನ ನಾಟಕದ ಹಾಗೆಯೇ ನಡೆಯುತ್ತದೆ. ಯಾರು ಎಲ್ಲಿ ನಿಲ್ಲಬೇಕು ಅಂತ ಅವನೇ ಹೇಳುತ್ತಾನೆ, ಹೇಳುತ್ತಿದ್ದೇನೆ ಅಂತ ಅವನಿಗೇ ಗೊತ್ತಾಗದ ಹಾಗೆ.

(ನನ್ನ ಯಜಮಾನರ ನಂಬರ್ ನನಗೂ ಬಾಯಿಪಾಠ ಇಲ್ಲ, ಹೇಳಿಬಿಡುತ್ತೇನೆ. ನಮ್ಮ ಹಳೆಯ ಲ್ಯಾಂಡ್‌ಲೈನ್ ನಂಬರ್ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅದನ್ನು ತೆಗೆಸಿ ಎಷ್ಟೋ ವರ್ಷ ಆಯಿತು.)

ನಿಮ್ಮ ಯಜಮಾನರ ಮಾತಿಗೆ ಬರೋಣ. ನಿಕೋಲ್ ಮೊದಲು ಹೋದದ್ದು ನಿಜ. ಅಷ್ಟೇ ಅಲ್ಲ, ಊರಿನ ಒಳ್ಳೊಳ್ಳೆಯ ವಕೀಲರನ್ನೆಲ್ಲ ಒಂದು ಸಲ ಭೇಟಿ ಮಾಡಿ ಬಂದಿರುತ್ತಾಳೆ. ಆಮೇಲೆ ಚಾರ್ಲಿ ಅವರಲ್ಲಿಗೆ ಹೋದರೆ, 'ನಿಮ್ಮ ಹೆಂಡತಿ ಆಗಲೇ ಬಂದು ಮಾತಾಡಿದ್ದಾರೆ, ನಿಮ್ಮ ಕೇಸು ನಾವು ತಗೊಳ್ಳೋ ಹಾಗಿಲ್ಲ' ಅನ್ನುತ್ತಾರೆ. ಇದು ಕಳ್ಳಾಟವೇ. ನಮ್ಮಲ್ಲೂ ನಡೆಯುತ್ತದೆ, ಸಣ್ಣ ಊರುಗಳಲ್ಲಿ ಇನ್ನೂ ಸುಲಭ. ನಿಕೋಲ್ ಅದನ್ನು ಸೇಡಿಗೆ ಮಾಡಿದಳು ಅಂತ ನನಗೆ ಅನ್ನಿಸಲಿಲ್ಲ. ಹೆದರಿದವರಿಗೆ ಯಾರೋ ಒಬ್ಬರು ದಾರಿ ಹೇಳಿಕೊಡುತ್ತಾರೆ. ಅವರು ಹಾಗೇ ಹೋಗುತ್ತಾರೆ.

ಇಬ್ಬರೂ ಒಪ್ಪಿಕೊಂಡೇ ದೂರ ಆಗ್ತಿದ್ರು, ವಕೀಲರು ಬಂದು ಹೊತ್ತಿಸಿಬಿಟ್ರು ಅಂತ ನನಗೆ ಅನ್ನಿಸ್ತು. ನೀವೂ ವಕೀಲರು, ಬೇಜಾರು ಮಾಡ್ಕೋಬೇಡಿ. ನಿಜವಾಗಲೂ ಹಾಗೇ ಇರ್ತಾರಾ? ನಮ್ಮಲ್ಲಿ ವಕೀಲರಿಲ್ಲದೆ ಡೈವೋರ್ಸ್ ಆಗಲ್ವಾ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಬೇಜಾರಿಲ್ಲ ತಮ್ಮಾ. ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದು ಸುಲಭ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರದ್ದು. ಅದರ 13ನೇ ಸೆಕ್ಷನ್ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೇ ಅಲ್ಲ, ಕೋರ್ಟಿನ ಅನುಮತಿ ಬೇಕು. ಕಾಯ್ದೆ ಮಾಡಿದವರ ಮನಸ್ಸಿನಲ್ಲಿದ್ದದ್ದು ಗಂಡ, ಹೆಂಡತಿ, ಜಡ್ಜು, ಒಬ್ಬ ಆಪ್ತ ಸಲಹೆಗಾರರು, ಒಂದು ಮೇಜು, ಅಷ್ಟೇ. ಆದದ್ದು ಏನು ಅಂತ ಯಾವ ಫ್ಯಾಮಿಲಿ ಕೋರ್ಟಿನ ಕಾರಿಡಾರಿಗೆ ಹೋಗಿ ನಿಂತರೂ ಕಾಣುತ್ತದೆ. ಕಪ್ಪು ಕೋಟೇ ಕೋಟು. ಪರಸ್ಪರ ಒಪ್ಪಿಗೆಯ ಅರ್ಜಿಗೆ (ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ) ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ರಾಜಿಗೆ ದಾರಿಯೇ ಇಲ್ಲ ಅನ್ನುವ ಕಡೆ ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡೂ ಕಡೆಯವರು ಶಾಂತವಾಗಿದ್ದರೆ ಕೆಲಸ ಸಲೀಸು. ಶಾಂತವಾಗಿದ್ದರೆ.

ಇನ್ನು ಸಿನಿಮಾದ ವಕೀಲರು. ಮೂವರಿದ್ದಾರೆ. ನೋರಾ ಮೊದಲ ಭೇಟಿಯಲ್ಲೇ ಚಪ್ಪಲಿ ಕಳಚಿ, ಸೋಫಾ ಮೇಲೆ ಕಾಲು ಮಡಚಿ ಕೂತು, ಟೀ ಕೊಟ್ಟು, ಅಕ್ಕನ ಹಾಗೆ ಕೇಳಿಸಿಕೊಳ್ಳುತ್ತಾಳೆ. ಆ ಪಾತ್ರಕ್ಕೆ ಲಾರಾ ಡರ್ನ್‌ಗೆ ಆಸ್ಕರ್ ಬಂತು. ಆರು ನಾಮನಿರ್ದೇಶನಗಳಲ್ಲಿ ಚಿತ್ರಕ್ಕೆ ಬಂದದ್ದು ಅದೊಂದೇ, ಅದೂ ವಕೀಲಳ ಪಾತ್ರಕ್ಕೆ! ಚಾರ್ಲಿ ಕಡೆಯ ಜೇ ಅನ್ನುವವನು ಗಂಟೆಗೆ 950 ಡಾಲರ್. ದಡ್ಡ ಪ್ರಶ್ನೆ ಇದ್ದರೆ ನನ್ನ ಜೂನಿಯರ್‌ಗೆ ಫೋನ್ ಮಾಡು, ಅವನದು 400 ಅನ್ನುತ್ತಾನೆ. ಬರ್ಟ್ ಅಂತ ಒಬ್ಬ ಮುದುಕ, ಅವನೊಬ್ಬನೇ ಮನುಷ್ಯ. ಅವನು ನಿಧಾನವಾಗಿ ಒಂದು ಜೋಕು ಹೇಳಲು ಹೊರಟರೆ ಚಾರ್ಲಿ ಕೇಳುತ್ತಾನೆ, ಈ ಜೋಕಿಗೂ ನಾನೇ ದುಡ್ಡು ಕೊಡ್ತಿದ್ದೀನಾ ಅಂತ. ನಾನು ಜೋರಾಗಿ ನಕ್ಕೆ. ನಮ್ಮಲ್ಲಿ ಗಂಟೆ ಲೆಕ್ಕ ಕಮ್ಮಿ, ವಾಯಿದೆ ಲೆಕ್ಕ ಜಾಸ್ತಿ. ಜೋಕು ಫ್ರೀ.

ಹೀಗೆ ಇರುತ್ತಾರಾ ಅಂತ ಕೇಳಿದಿರಿ. ನಾನು ಹೀಗಿದ್ದೆ.

ಸಿನಿಮಾದಲ್ಲಿ ಕೋರ್ಟಿನ ದೃಶ್ಯ ನೆನಪಿದೆಯಲ್ಲ? ಒಂದು ರಾತ್ರಿ ವೈನ್ ಕುಡಿದು ಮೆಟ್ಟಿಲು ಇಳಿಯುವಾಗ ಕಷ್ಟವಾಯಿತು ಅಂತ ನಿಕೋಲ್ ಚಾರ್ಲಿಯ ಹತ್ತಿರ ಸುಮ್ನೆ ಹೇಳಿಕೊಂಡಿರುತ್ತಾಳೆ. ಜಡ್ಜ್ ಮುಂದೆ ಅದು ಕುಡಿತದ ಚಟ ಆಗುತ್ತದೆ. ಚಾರ್ಲಿಯ ಕಾರಿನಲ್ಲಿ ಮಗುವಿನ ಸೀಟು ಸರಿಯಾಗಿ ಬಿಗಿದಿರಲಿಲ್ಲ ಅಂತ ಈ ಕಡೆಯಿಂದ ನೋರಾ ಏಳುತ್ತಾಳೆ. ಆಗ ಕ್ಯಾಮೆರಾ ಗಂಡ ಹೆಂಡತಿಯ ಮುಖ ತೋರಿಸುತ್ತದೆ. ಇಬ್ಬರೂ ತಲೆ ತಗ್ಗಿಸಿ ಕೂತಿರುತ್ತಾರೆ. ಆ ದೃಶ್ಯ ಬಂದಾಗ ನಾನು ರಿಮೋಟ್ ಒತ್ತಿ ನಿಲ್ಲಿಸಿ, ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಹದಿನೈದು ವರ್ಷದ ಹಿಂದಿನ ಮಾತು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ನನ್ನ ಕಕ್ಷಿದಾರಳು ತಂಗಿಯ ಬಾಣಂತನಕ್ಕೆ ಮೂರು ದಿನ ತವರಿಗೆ ಹೋಗಿದ್ದಳಂತೆ. ಆರು ವರ್ಷದ ಮಗಳು ಅಪ್ಪನ ಹತ್ತಿರ. ರಾತ್ರಿ ಗಂಡ ಫೋನ್ ಮಾಡಿ, 'ಮೂರು ದಿನದಿಂದ ನಮ್ಮದು ಬ್ರೆಡ್ಡು ಜಾಮೇ. ನಿನ್ನ ಮಗಳು ನನಗಿಂತ ಚೆನ್ನಾಗಿ ಜಾಮ್ ಸವರ್ತಾಳೆ ಗೊತ್ತಾ?' ಅಂದನಂತೆ. ಆಕೆ ಇದನ್ನು ನನಗೆ ಹೇಳುವಾಗಲೂ ನಕ್ಕಿದ್ದಳು. ಮುಂದೆ ಕೇಸು ಬೆಳೆಯಿತು. ಮಗು ಯಾರಿಗೆ ಅನ್ನುವ ಹಂತ ಬಂತು. ನನ್ನ ನೋಟ್ ಪುಸ್ತಕದಲ್ಲಿ 'ಬ್ರೆಡ್ ಜಾಮ್ 3 ದಿನ' ಅಂತ ಬರೆದುಕೊಂಡಿದ್ದೆ. ಅಫಿಡವಿಟ್‌ನಲ್ಲಿ ಅದು ಹೀಗಾಯಿತು: 'ಎದುರುದಾರರು ಅಪ್ರಾಪ್ತ ವಯಸ್ಸಿನ ಮಗುವಿಗೆ ಸತತ ಮೂರು ದಿನಗಳ ಕಾಲ ಪೌಷ್ಟಿಕ ಆಹಾರ ನೀಡದೆ ನಿರ್ಲಕ್ಷಿಸಿರುತ್ತಾರೆ.' ಒಂದಕ್ಷರ ಸುಳ್ಳಿಲ್ಲ ನೋಡಿ ಅದರಲ್ಲಿ.

ಪಾಟಿ ಸವಾಲಿನ ದಿನ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದೆ. 'ಮೂರು ದಿನ ಬ್ರೆಡ್ಡೇ ಕೊಟ್ಟಿದ್ದು ನಿಜವೋ ಸುಳ್ಳೋ?' ಅವನು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿಯನ್ನು ನೋಡಿದ. 'ನೀನು ನಗಲಿ ಅಂತ ಹೇಳಿದ್ದಲ್ವೇನೇ ಅದು?' ಅಂದ. ಪ್ರಶ್ನೆಗೆ ಉತ್ತರ ಕೊಡಿ ಅಂದರು ಜಡ್ಜು. ನಿಜ ಅಂದ. ಟೈಪಿಸ್ಟ್ ಹೊಡೆದದ್ದು, 'ಮಗುವಿಗೆ ಮೂರು ದಿನ ಬ್ರೆಡ್ ಮಾತ್ರ ಕೊಟ್ಟಿದ್ದೆ ಎಂದರೆ ಸಾಕ್ಷಿಯು ಸರಿ ಎನ್ನುತ್ತಾರೆ.' ನಗಲಿ ಅಂತ ಹೇಳಿದ್ದು ದಾಖಲೆಗೆ ಬರಲಿಲ್ಲ.

ಕೇಸು ನಾವೇ ಗೆದ್ದೆವು. ಆಮೇಲೆ ಆಕೆ ನನ್ನ ಆಫೀಸಿಗೆ ಬಂದದ್ದು ಒಂದೇ ಸಲ, ಫೈಲು ವಾಪಸ್ ತೆಗೆದುಕೊಳ್ಳಲು. ಟೀ ತರಿಸಿದ್ದೆ, ಕುಡಿಯಲಿಲ್ಲ.

ಕಾನೂನಿನಲ್ಲಿ ಒಂದು ವಿಚಿತ್ರ ಇದೆ. ಗಂಡ ಹೆಂಡತಿ ತಮ್ಮೊಳಗೆ ಆಡಿಕೊಂಡ ಮಾತನ್ನು ಕೋರ್ಟಿನಲ್ಲಿ ಹೊರಗೆಡಹುವ ಹಾಗಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯ 122ನೇ ಸೆಕ್ಷನ್ ಹೇಳುತ್ತಿತ್ತು. ಆದರೆ ಅವರಿಬ್ಬರೇ ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡಾಗ ಆ ರಕ್ಷಣೆ ಇಲ್ಲ. ಕದ್ದು ರೆಕಾರ್ಡ್ ಮಾಡಿದ ಫೋನ್ ಮಾತನ್ನೂ ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಡೆತ ತಿಂದ ಹೆಣ್ಣುಮಕ್ಕಳಿಗೆ ಇದರಿಂದ ಅನುಕೂಲ ಇದೆ, ಇಲ್ಲ ಅನ್ನುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಬೇರೆ ಸಾಕ್ಷಿ ಎಲ್ಲಿಂದ ತರುತ್ತಾರೆ? ಆದರೆ ಹೊಡೆತ ಬಡಿತ ಏನೂ ಇಲ್ಲದ ಮನೆಗಳದ್ದು ಬೇರೆ ಕತೆ. ಅಲ್ಲಿ ಬ್ರೆಡ್ಡು ಜಾಮೇ ಸಾಕ್ಷಿ.

ಹಾಗಾಗಿ ವಕೀಲರು ಹೊತ್ತಿಸಿದರು ಅನ್ನುವ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಕಡ್ಡಿ ಗೀರುವುದು ನಾವು. ಸೌದೆ ತಂದುಕೊಡುವುದು ಅವರು. ಸಿನಿಮಾದ ಕೊನೆಗೆ ಸಮಪಾಲು ಅಂತ ನಿಕೋಲ್ ಹೇಳಿದ್ದರೂ, ಚಾರ್ಲಿ ಊರಿಗೆ ಬಂದಾಗ ಮಗು ಇವಳ ಹತ್ತಿರ ಶೇಕಡಾ 55, ಅವನ ಹತ್ತಿರ 45 ಅಂತ ನೋರಾ ಮಾಡಿಸಿರುತ್ತಾಳೆ. ಅರ್ಧ ಅರ್ಧ ಸಿಕ್ಕಿತು ಅಂತ ಅವನು ಹೇಳಿಕೊಂಡು ತಿರುಗಬಾರದು, ಅದಕ್ಕೆ! ಆ ಐದು ಪರ್ಸೆಂಟ್ ನಿಕೋಲ್‌ದೂ ಅಲ್ಲ, ಹೆನ್ರಿಯದೂ ಅಲ್ಲ. ನೋರಾಳದು.

ಜಗಳದ ದೃಶ್ಯದಲ್ಲಿ ಆ ಮನುಷ್ಯ ಗೋಡೆಗೆ ಗುದ್ದಿ, ಕಿರುಚಿ, ಕೊನೆಗೆ ನೆಲಕ್ಕೆ ಬಿದ್ದು ಅಳುತ್ತಾನೆ. ಅಷ್ಟೊಂದು ಬೇಕಿತ್ತಾ? ಓವರ್ ಆಕ್ಟಿಂಗ್ ಅನ್ನಿಸಲಿಲ್ವಾ ನಿಮಗೆ?
(ಬ್ಯಾಂಕ್ ನೌಕರ, ಕುಂದಾಪುರ)

ಇಲ್ಲ. ನಾನು ಇದಕ್ಕಿಂತ ಜಾಸ್ತಿ ನೋಡಿದ್ದೇನೆ, ಕಮ್ಮಿಯದನ್ನೂ ನೋಡಿದ್ದೇನೆ. ಕಮ್ಮಿಯದೇ ಭಯ.

ಆ ದೃಶ್ಯದ ಶುರುವನ್ನು ಮತ್ತೊಮ್ಮೆ ನೋಡಿ. ಅವರು ಜಗಳಕ್ಕೆ ಕೂತವರಲ್ಲ. ವಕೀಲರನ್ನು ಬಿಟ್ಟು ನಾವೇ ಮಾತಾಡೋಣ ಅಂತ ಕೂತವರು. ಚಾರ್ಲಿಯ ಬಾಡಿಗೆ ಮನೆ, ಗೋಡೆ ಮೇಲೆ ಏನೂ ಇಲ್ಲ. ಇಬ್ಬರೂ ಮರ್ಯಾದೆಯಿಂದ ಶುರು ಮಾಡುತ್ತಾರೆ. ಆದರೆ ಆಡುವ ಮಾತು ಅವರದಲ್ಲ, ವಕೀಲರ ಕಾಗದದ್ದು. ಅದು ಖಾಲಿಯಾದ ಮೇಲೆ ಅವರದೇ ಮಾತು ಬರುತ್ತದೆ. ಅದು ಇನ್ನೂ ಕೆಟ್ಟದ್ದು. ಅವಳು ಸತ್ತುಹೋಗಲಿ ಅಂತ ಪ್ರತಿದಿನ ಬೆಳಗ್ಗೆ ಅನ್ನಿಸುತ್ತದೆ ಅನ್ನುವವರೆಗೆ ಹೋಗುತ್ತಾನೆ. ಅಂದವನಿಗೇ ಅದನ್ನು ತಡೆದುಕೊಳ್ಳಲು ಆಗದೆ ಕುಸಿಯುತ್ತಾನೆ. ಆಗ ಅವಳು ಹೋಗಿ ಅವನ ಬೆನ್ನ ಮೇಲೆ ಕೈ ಇಡುತ್ತಾಳೆ. ನಟನೆಯ ತೂಕ ಇರುವುದು ಆ ಕೈಯಲ್ಲಿ. ಗುದ್ದು ಎಲ್ಲರೂ ನೋಡಿದ್ದಾರೆ, ಕೈ ನೋಡಿ.

ಗೋಡೆಯ ತೂತಿಗೆ ಬಾಡಿಗೆ ಮುಂಗಡದಲ್ಲಿ ಎಷ್ಟು ಹಿಡಿದರೋ, ಅದನ್ನು ಸಿನಿಮಾ ತೋರಿಸಲಿಲ್ಲ.

ನಮ್ಮ ಕಾಲದ ಸಿನಿಮಾದಾಗ ಗಂಡ ಹೆಂಡತಿ ಎಷ್ಟ ಜಗಳಾಡಿದ್ರೂ ಕಡೀಕ ಒಂದಾಗ್ತಿದ್ರು. ಕೂಸಿಗೆ ಜ್ವರ ಬರತಿತ್ತು, ದವಾಖಾನಿ ಒಳಗ ಇಬ್ಬರೂ ಕೂಡತಿದ್ರು. ಈಗಿನವರು ಹಂಗ ಯಾಕ ಮಾಡೂದಿಲ್ಲ?
(ನಿವೃತ್ತ ಶಿಕ್ಷಕ, ಧಾರವಾಡ)

ಮಾಸ್ತರ್ರೇ, ಹೆನ್ರಿಗೂ ಜ್ವರ ಬಂದಿದ್ದರೆ ಅದೂ ಅಫಿಡವಿಟ್‌ಗೆ ಹೋಗುತ್ತಿತ್ತು. ಯಾರ ಮನೆಯಲ್ಲಿದ್ದಾಗ ಬಂತು, ಯಾರು ಮಾತ್ರೆ ಕೊಡುವುದನ್ನು ಮರೆತರು ಅಂತ.

ನೀವು ಹೇಳಿದ ಆ ಜ್ವರ ನನಗೂ ಇಷ್ಟವೇ, ಕಣ್ಣೀರು ಹಾಕಿಕೊಂಡು ನೋಡಿದವಳು ನಾನು. ಇದೇ ಸಾಲಿನ ಹಳೆಯ ಅಮೆರಿಕನ್ ಸಿನಿಮಾ ಒಂದಿದೆ, 1979ರ 'ಕ್ರೇಮರ್ ವರ್ಸಸ್ ಕ್ರೇಮರ್'. ಅಲ್ಲೂ ಗಂಡ ಹೆಂಡತಿ ಒಂದಾಗುವುದಿಲ್ಲ. ಹೆಂಡತಿ ಬಿಟ್ಟುಹೋದ ಮರುದಿನ ಅಪ್ಪ ಮಗ ಮೊಟ್ಟೆಯಲ್ಲಿ ಬ್ರೆಡ್ಡು ಅದ್ದಿ ಹುರಿಯಲು ಹೋಗಿ ಇಡೀ ಅಡುಗೆಮನೆ ಹೊಗೆ ಮಾಡುತ್ತಾರೆ. ಕೊನೆಗೆ ಅದೇ ತಿಂಡಿಯನ್ನು ಇಬ್ಬರೂ ಮಾತಿಲ್ಲದೆ, ಕೈಗೆ ಕೈ ಕೂಡಿಸಿ ಮಾಡುತ್ತಾರೆ. ಆಸ್ಪತ್ರೆ ದೃಶ್ಯವೂ ಇದೆ, ಮಗು ಬಿದ್ದು ಮುಖಕ್ಕೆ ಪೆಟ್ಟಾಗುತ್ತದೆ. ಆ ಪೆಟ್ಟನ್ನು ಕೋರ್ಟಿನಲ್ಲಿ ಅಪ್ಪನ ವಿರುದ್ಧ ಎತ್ತುತ್ತಾರೆ. ನಿಮ್ಮ ಜ್ವರಕ್ಕೆ ಅಲ್ಲಿಯೇ ಉತ್ತರ ಸಿಕ್ಕಿತು ನೋಡಿ.

ಒಂದಾಗದೆ ಇದ್ದರೂ ನಿಮಗೆ ಹಿಡಿಸಬಹುದಾದ ಒಂದು ಜಾಗ 'ಮ್ಯಾರೇಜ್ ಸ್ಟೋರಿ'ಯಲ್ಲಿದೆ. ವಕೀಲರ ಆಫೀಸಿನಲ್ಲಿ ಮಾತುಕತೆ, ಉದ್ದನೆಯ ಮೇಜು. ಎದುರು ಬದುರು ಕೂತು ದುಡ್ಡು, ಮನೆ, ಮಗು ಅಂತ ಹಂಚುತ್ತಿದ್ದಾರೆ. ಮಧ್ಯಾಹ್ನ ಊಟ ತರಿಸಬೇಕು, ಎಲ್ಲರೂ ಹೇಳಿದರು. ಚಾರ್ಲಿಗೆ ಏನು ಬೇಕು ಅಂತಲೇ ತೋಚುತ್ತಿಲ್ಲ, ಮೆನು ತಿರುವುತ್ತಾ ಕೂತಿದ್ದಾನೆ. ಆಗ ನಿಕೋಲ್ ಮೆನು ಇಸಿದುಕೊಂಡು ಅವನಿಗೆ ಇಂಥ ಸಲಾಡ್, ಅದಕ್ಕೆ ಅವರು ಹಾಕುವ ಡ್ರೆಸಿಂಗ್ ಬೇಡ, ನಿಂಬೆಹಣ್ಣು, ಆಲಿವ್ ಎಣ್ಣೆ ಸಾಕು ಅಂತ ಹೇಳಿಬಿಡುತ್ತಾಳೆ. ಊಟ ಬರಲಿ ಅಂತ ಎಲ್ಲರೂ ಕಾಯುತ್ತಾರೆ. ಆಮೇಲೆ ಮತ್ತೆ ಹಂಚಿಕೆ.

ನಮ್ಮ ಕೇಸು ನಡೆಯುತ್ತಿದೆ. ಮಗನಿಗೆ ಒಂಬತ್ತು ವರ್ಷ. ನೀವು ಬರೆದದ್ದನ್ನು ಓದಿ ಆ ಸಿನಿಮಾ ನೋಡಬೇಕು ಅನ್ನಿಸಿತು, ಆದರೆ ಧೈರ್ಯ ಬರುತ್ತಿಲ್ಲ. ನೋಡಲಾ, ಬೇಡವಾ ಅಕ್ಕಾ? ಹೆಸರು, ಊರು ಹಾಕಬೇಡಿ.

ಈಗ ಬೇಡಮ್ಮ. ತೀರ್ಪು ಬರಲಿ, ಆಮೇಲೆ ಒಂದು ಮಳೆಗಾಲ ಕಳೆಯಲಿ. ಈಗ ನೋಡಿದರೆ ನಿಮಗೆ ಅದು ಸಿನಿಮಾ ಆಗಿ ಕಾಣುವುದಿಲ್ಲ. ಯಾವ ಪಾಯಿಂಟ್ ನಮಗೆ ಉಪಯೋಗಕ್ಕೆ ಬರುತ್ತದೆ ಅಂತ ಹುಡುಕುತ್ತಾ ಕೂರುತ್ತೀರಿ. ಕೇಸಿನಲ್ಲಿರುವವರೆಲ್ಲ ಹಾಗೆಯೇ. ವಾಯಿದೆಗೆ ಹೋಗುವಾಗ, ಕೋರ್ಟ್ ಕರೆಸದೆ ಮಗನನ್ನು ಕರೆದುಕೊಂಡು ಹೋಗಬೇಡಿ. ಮಗುವಿನ ಭೇಟಿಗೆ ದಿನ ಗೊತ್ತು ಮಾಡಿದ್ದರೆ ಆ ದಿನ ಅವನ ಇಷ್ಟದ ಅಂಗಿ ಹಾಕಿ ಕಳಿಸಿ, ಮರಳಿ ಬಂದಾಗ 'ಏನು ತಿಂದೆ' ಅಂತ ಮಾತ್ರ ಕೇಳಿ. 'ಅಪ್ಪ ಏನಂದರು' ಅಂತ ಬೇಡ.

ಆದರೆ ಚಿತ್ರದ ಒಂದು ವಿಷಯ ನಿಮಗೆ ಹೇಳಿಬಿಡುತ್ತೇನೆ, ನೋಡುವವರೆಗೆ ಇಟ್ಟುಕೊಳ್ಳಿ. ಶುರುವಿನಲ್ಲಿ ರಾಜಿ ಮಾಡಿಸುವ ಒಬ್ಬರು, ನಿಮ್ಮ ನಿಮ್ಮ ಸಂಗಾತಿಯಲ್ಲಿ ನಿಮಗೆ ಇಷ್ಟವಾದದ್ದನ್ನು ಬರೆದು ತನ್ನಿ ಅಂದಿರುತ್ತಾರೆ. ಇಬ್ಬರೂ ಬರೆದು ತಂದಿರುತ್ತಾರೆ. ನಿಕೋಲ್ ಓದುವುದಿಲ್ಲ ಅಂತ ಹಟ ಹಿಡಿದು ಎದ್ದು ಹೋಗುತ್ತಾಳೆ. ಎಲ್ಲ ಮುಗಿದ ಮೇಲೆ, ಸುಮಾರು ಒಂದು ವರ್ಷಕ್ಕೆ, ಆ ಹಾಳೆ ಮಗನ ಕೈಗೆ ಸಿಗುತ್ತದೆ. ಹಾಸಿಗೆ ಮೇಲೆ ಕೂತು ಅವನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿರುತ್ತಾನೆ. ಅವನಿಗೆ ಓದು ಸ್ವಲ್ಪ ಕಷ್ಟ. ಅಪ್ಪ ಪಕ್ಕದಲ್ಲಿ ಕೂತು ಮುಂದಿನದನ್ನು ಓದಿಕೊಡುತ್ತಾನೆ, ತನ್ನ ಬಗ್ಗೆಯೇ ಬರೆದದ್ದನ್ನು. ಬಾಗಿಲಲ್ಲಿ ಅವಳು ನಿಂತಿದ್ದಾಳೆ.

ನಿಮ್ಮ ಪತ್ರ ನನಗೆ ಬಂದದ್ದು ನೋಟ್‌ಬುಕ್ಕಿನ ಹಾಳೆಯಲ್ಲಿ, ಮಗನದೇ ಇರಬೇಕು, ಹಿಂದೆ ಮಗ್ಗಿ ಇದೆ. ಎರಡನೇ ಪ್ಯಾರಾದಲ್ಲಿ ನಿಮ್ಮ ಯಜಮಾನರ ಬಗ್ಗೆ ಒಂದು ಸಾಲು ಬರೆದು ಆಮೇಲೆ ಪೆನ್ನಿನಿಂದ ಗಟ್ಟಿಯಾಗಿ ಹೊಡೆದುಹಾಕಿದ್ದೀರಿ. ಟ್ಯೂಬ್‌ಲೈಟಿಗೆ ಹಿಡಿದರೆ ಓದಲು ಬರುತ್ತದೆ. ಹಿಡಿದೆ, ವಕೀಲರ ಬುದ್ಧಿ ಹೋಗುವುದಿಲ್ಲ ನೋಡಿ. ಅದನ್ನು ಇಲ್ಲಿ ಹಾಕುವುದಿಲ್ಲ. ಉಳಿದ ಪತ್ರಗಳನ್ನು ತಿಂಗಳ ಕೊನೆಗೆ ರದ್ದಿಗೆ ಹಾಕುತ್ತೇನೆ, ನಿಮ್ಮದನ್ನು ಹಾಕಿಲ್ಲ. ಯಾವಾಗ ಬೇಕೆನಿಸಿದರೂ ಎರಡು ಸಾಲು ಬರೆಯಿರಿ, ಅಂಚೆಗೆ ಹಾಕುತ್ತೇನೆ.